ಸ್ವಾಹಿಲಿಯ ಗುಣವಚನವೂ ಕನ್ನಡದ ಲಿಂಗವಿಚಾರವೂ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು 'ವಿಶೇಷ್ಯಾಧೀನಲಿಂಗ' ಎಂಬ ಮಾತನ್ನು ವ್ಯಾಕರಣದ ತರಗತಿಯಲ್ಲಿ ಓದುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಲ್ಲಿಗೇ ಮರೆಯುತ್ತಾರೆ. ಮರೆಯುವುದರಲ್ಲಿ ಅವರ ತಪ್ಪು ಹೆಚ್ಚಿಲ್ಲ. ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮರಗಳು ಎನ್ನುವಾಗ 'ದೊಡ್ಡ' ಎಂಬುದು ಯಾರ ಅಧೀನಕ್ಕೂ ಒಳಗಾಗದೆ ಇದ್ದಂತೆಯೇ ಇರುತ್ತದೆ. ಆ ಪಾರಿಭಾಷಿಕ ಪದದ ಪೂರ್ಣ ಬಲ ತಿಳಿಯಬೇಕಾದರೆ ಪೂರ್ವ ಆಫ್ರಿಕದ ಸ್ವಾಹಿಲಿಯತ್ತ ಒಮ್ಮೆ ನೋಡುವುದು ಒಳ್ಳೆಯದು.

ಟಾಂಜಾನಿಯ, ಕೆನ್ಯಾ ದೇಶಗಳ ಈ ಭಾಷೆಯಲ್ಲಿ ಗುಣವಚನವು ನಾಮಪದದ ಹಿಂದೆ ಬರುತ್ತದೆ; ಬರುವಾಗ ನಾಮಪದದ ವರ್ಗಕ್ಕೆ ತಕ್ಕ ಪೂರ್ವಪ್ರತ್ಯಯವನ್ನು ಧರಿಸಿ ಬರುತ್ತದೆ. 'ಕುಬ್ವ' ಎಂದರೆ ದೊಡ್ಡ. 'ಮ್‌ತು ಮ್‌ಕುಬ್ವ' ದೊಡ್ಡ ಮನುಷ್ಯ, 'ವಾತು ವಾಕುಬ್ವ' ದೊಡ್ಡ ಮನುಷ್ಯರು. ಕುರ್ಚಿಗೆ 'ಕಿತಿ'. ಒಂದು ದೊಡ್ಡ ಕುರ್ಚಿ ಮುರಿದಿದೆ ಎನ್ನಲು 'ಕಿತಿ ಕಿಕುಬ್ವ ಕಿಮೋಜ ಕಿಮೆವುಂಜಿಕ' ಎನ್ನಬೇಕು. ಕುರ್ಚಿಗಳು ಎರಡಾದರೆ ಇಡೀ ವಾಕ್ಯವೇ ವೇಷ ಬದಲಿಸುತ್ತದೆ: 'ವಿತಿ ವಿಕುಬ್ವ ವಿವಿಲಿ ವಿಮೆವುಂಜಿಕ'. ನಾಮಪದ, ಗುಣವಚನ, ಸಂಖ್ಯೆ, ಕ್ರಿಯಾಪದ ನಾಲ್ಕೂ ಒಂದೇ ಪ್ರಾಸದಲ್ಲಿ ನಡೆಯುತ್ತವೆ. ಆದಿಪ್ರಾಸದ ಕಿವಿಯಿರುವ ಕನ್ನಡಿಗರಿಗೆ ಇದು ಅಪರಿಚಿತವೆನಿಸಬೇಕಾಗಿಲ್ಲ.

ಏಕವಚನ, ಬಹುವಚನಗಳನ್ನು ಬೇರೆಬೇರೆಯಾಗಿ ಎಣಿಸಿದರೆ ಇಂಥ ವರ್ಗಗಳು ಸುಮಾರು 15. ಗಂಡು ಹೆಣ್ಣೆಂಬ ಭೇದಕ್ಕೆ ಇವುಗಳಲ್ಲಿ ಸ್ಥಾನವೇ ಇಲ್ಲ. ಲಿಂಗವೆಂದರೆ ಪುರುಷ, ಸ್ತ್ರೀ, ನಪುಂಸಕ ಎಂಬ ಮೂರು ಕೋಣೆಗಳೆಂದು ಪಾಠವಾದವರಿಗೆ ಮೊದಲು ಸಡಿಲವಾಗಬೇಕಾದದ್ದು ಈ ಕಲ್ಪನೆಯೇ. ವ್ಯಾಕರಣದ ಲಿಂಗ ಮೂಲತಃ ನಾಮಪದಗಳ ಗುಂಪುಗಾರಿಕೆ; ಅದು ದೇಹಭೇದವನ್ನು ಅನುಸರಿಸಲೇಬೇಕೆಂಬ ನಿಯಮವಿಲ್ಲ. ಹಾಗೆಂದು ಸ್ವಾಹಿಲಿ ಅರ್ಥವನ್ನು ಪೂರ್ತಿ ಕೈಬಿಟ್ಟಿದೆಯೆಂದೂ ಅಲ್ಲ. ನೀರಾನೆಗೆ 'ಕಿಬೋಕೊ' ಎಂಬ ಹೆಸರು. ರೂಪ ನೋಡಿದರೆ ಕುರ್ಚಿಯ ವರ್ಗ. ಆದರೆ ಪ್ರಾಣವಿರುವುದರಿಂದ ಮನುಷ್ಯವರ್ಗದ 'ಮ್‌ಕುಬ್ವ'ವೇ ಅದಕ್ಕೆ ಸಲ್ಲುತ್ತದೆ. ರೂಪಕ್ಕೂ ಅರ್ಥಕ್ಕೂ ನಡೆಯುವ ಈ ಜಗ್ಗಾಟವನ್ನು 'ಸೂರ್ಯ ಹುಟ್ಟಿದನು', 'ಸೂರ್ಯ ಹುಟ್ಟಿತು' ಎಂಬ ಪ್ರಯೋಗಗಳಲ್ಲಿ ಕನ್ನಡವೂ ಕಂಡಿದೆ.

ಇದನ್ನು ಕೋಷ್ಟಕ ಬಾಯಿಪಾಠ ಮಾಡಿ ಕಲಿಯಬಹುದೆಂಬ ನಂಬಿಕೆ ಮಾತ್ರ ದಾರಿ ತಪ್ಪಿಸುವಂಥದು. ಮನೆಗೆ 'ನ್ಯುಂಬ'; ಅದರ ವರ್ಗದ ಪ್ರತ್ಯಯ 'ನ್' ಎಂದು ಕೋಷ್ಟಕ ಹೇಳುತ್ತದೆ. ಆದರೆ ಕೆಟ್ಟ ಎಂಬರ್ಥದ 'ಬಯ'ದ ಮುಂದೆ ಅದು 'ಮ್‌ಬಯ' ಆಗುತ್ತದೆ, ಉದ್ದ ಎಂಬರ್ಥದ 'ರೆಫು' ಸೇರಿದಾಗ 'ನ್ದೆಫು' ಆಗುತ್ತದೆ, 'ಕುಬ್ವ'ದ ಮುಂದೆ ಕಾಣೆಯೇ ಆಗುತ್ತದೆ. ಸಂಧಿಪ್ರಕರಣ ಓದಿದವರು ಇದರ ಕಾರಣವನ್ನು ಊಹಿಸಬಲ್ಲರು. ಆದರೆ ಮಾತಿನ ನಡುವೆ ಊಹಿಸುತ್ತ ಕೂರಲಾಗದು. ನಾಮಪದವನ್ನು ಒಂಟಿಯಾಗಿ ಕಲಿಯದೆ ಒಂದು ಗುಣವಚನದ ಜೊತೆಯಲ್ಲಿಯೇ ಕಲಿಯುವುದು ಮೇಲು. ಜೋಡಿ ಕಿವಿಗೆ ಹತ್ತಿದ ಮೇಲೆ ನಿಯಮ ತಾನಾಗಿ ತಿಳಿಯುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ವಿದ್ಯಾರ್ಥಿಗಳಿಗೆ ಇದು ಇನ್ನೂ ಸುಲಭ. ಮರಾಠಿಯ 'ಮೋಠಾ, ಮೋಠೀ, ಮೋಠೇ' ಅವರ ನಾಲಗೆಯಲ್ಲಿದೆ. 'ಸುಂದರ', 'ಸಾಫ್' ಬದಲಾಗುವುದಿಲ್ಲವೆಂಬುದನ್ನೂ ಬಲ್ಲರು. ಸ್ವಾಹಿಲಿಯಲ್ಲಿಯೂ ಅರಬ್ಬಿಯಿಂದ ಬಂದ 'ಸಾಫಿ' ಎಲ್ಲ ವರ್ಗಗಳ ಜೊತೆಯಲ್ಲಿ ಹಾಗೆಯೇ ಉಳಿಯುತ್ತದೆ. ಅದೇ ಅರಬ್ಬಿಯ 'ಕಿತಾಬ್' ಮಾತ್ರ ಅಲ್ಲಿ 'ಕಿತಾಬು' ಆಯಿತು. ಮೊದಲ 'ಕಿ'ಯನ್ನು ಸ್ವಾಹಿಲಿಗರು ಪ್ರತ್ಯಯವೆಂದೇ ಭಾವಿಸಿ ಬಹುವಚನದಲ್ಲಿ 'ವಿತಾಬು' ಎಂದರು. ಗಡಿನಾಡಿನ ಮಾತಿನಲ್ಲೂ ಓಡಾಡುವ ಈ 'ಕಿತಾಬು' ಅಷ್ಟು ದೂರದಲ್ಲಿ ಇನ್ನೊಂದು ವ್ಯಾಕರಣಕ್ಕೆ ಒಗ್ಗಿಕೊಂಡ ಬಗೆ ಸ್ವಾರಸ್ಯಕರ.

ಮರಾಠಿಗೆ ಹೊಂದಿಕೆಯಿದೆ, ಕನ್ನಡಕ್ಕಿಲ್ಲ, ಆದ್ದರಿಂದ ಕನ್ನಡ ಸರಳವಾದುದು ಎಂಬ ಮಾತು ಈ ತರಗತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಅರ್ಧಸತ್ಯ. 'ಪಿರಿಯಂ, ಪಿರಿಯಳ್, ಪಿರಿದು' ಎಂದ ಹಳಗನ್ನಡವನ್ನು ಬಿಟ್ಟರೂ, ಹೊಸಗನ್ನಡದ ಸಂಖ್ಯೆಗಳು ಸಾಕ್ಷಿ ನುಡಿಯುತ್ತವೆ. ಎರಡು ಮರ, ಆದರೆ ಇಬ್ಬರು ಹುಡುಗರು. ಒಬ್ಬ, ಒಬ್ಬಳು, ಒಂದು. ಇಲ್ಲಿ ವಿಶೇಷಣ ವಿಶೇಷ್ಯಕ್ಕೆ ಅಧೀನವಲ್ಲದೆ ಮತ್ತೇನು? ಮರಾಠಿಯೂ ಮನುಷ್ಯರನ್ನು ಎಣಿಸುವಾಗ 'ದೋಘೆ, ತಿಘೆ, ಚೌಘೆ' ಎಂದು ಬೇರೆ ರೂಪ ಬಳಸಿ ಅಲ್ಲಿಗೆ ನಿಲ್ಲುತ್ತದೆ. ಕನ್ನಡದ ಆಡುಮಾತು ಐವರ ತನಕ ಹೋಗಿ, ಮುಂದೆ 'ಆರು ಜನ', 'ಏಳು ಮಂದಿ' ಎಂದು ಬೇರೊಂದು ಪದದ ಆಸರೆ ಪಡೆಯುತ್ತದೆ. ಸ್ವಾಹಿಲಿಯಲ್ಲಿ ಒಂದರಿಂದ ಐದು ಮತ್ತು ಎಂಟು ಪ್ರತ್ಯಯ ಧರಿಸುತ್ತವೆ. ಅರಬ್ಬಿಯಿಂದ ಬಂದ ಆರು, ಏಳು, ಒಂಬತ್ತು ಧರಿಸುವುದಿಲ್ಲ. ವಿಶೇಷ್ಯಾಧೀನಲಿಂಗದ ಪ್ರಶ್ನೆಗೆ ಉತ್ತರ ಬರೆಯುವವರು ಪುಸ್ತಕದ ಲಕ್ಷಣವಾಕ್ಯದ ಕೆಳಗೆ ಈ 'ಇಬ್ಬರು', 'ಮೂವರು'ಗಳನ್ನು ಉದಾಹರಿಸಿದರೆ ಅದನ್ನು ತಪ್ಪೆನ್ನಲು ಯಾವ ಪರೀಕ್ಷಕರಿಗೂ ಕಾರಣ ಸಿಗಲಾರದು.