ವಿಚಾರಣೆಯಿಲ್ಲದ ತೀರ್ಪು

ಪರೀಕ್ಷೆಗಳ ಫಲಿತಾಂಶವು ಹೊರಬೀಳುವ ಕಾಲದಲ್ಲಿ ಪ್ರತಿವರ್ಷವೂ ನಮ್ಮ ಎಷ್ಟೋ ಮನೆಗಳಲ್ಲಿ ವಿಷಾದವು ಕವಿಯುತ್ತದೆ. ಗಣಿತವೊಂದರಲ್ಲಿ ತೇರ್ಗಡೆಯಾಗದ ಬಾಲಕನು, “ನನ್ನ ಬಾಳು ಮುಗಿಯಿತು, ನಾನು ಯಾವುದಕ್ಕೂ ಬಾರದವನು, ಊರೆಲ್ಲ ನನ್ನನ್ನು ನೋಡಿ ನಗುವುದು” ಎಂದು ತನ್ನೊಳಗೇ ನಿಶ್ಚಯಿಸಿಬಿಡುವನು. ಹಿರಿಯರಾದವರು “ಧೈರ್ಯ ತಂದುಕೋ” ಎಂದು ಹೇಳಿ ತಮ್ಮ ಕರ್ತವ್ಯವು ತೀರಿತೆಂದು ಭಾವಿಸುವರು. ಇದು ಸದುದ್ದೇಶದ ಮಾತೇ ಅಹುದು. ಆದರೆ ಧೈರ್ಯವು ಅಂಗಡಿಯಿಂದ ತರತಕ್ಕ ಪದಾರ್ಥವಲ್ಲ.

ಮನಸ್ಸಿನಲ್ಲಿ ಎದ್ದ ಯೋಚನೆಯೆಲ್ಲವೂ ಸತ್ಯವಲ್ಲವೆಂಬುದನ್ನು ನಾವು ಮೊದಲು ಕಲಿಯಬೇಕಾಗಿದೆ. ನ್ಯಾಯಸ್ಥಾನದಲ್ಲಿ ಕಳ್ಳನೆಂಬ ಆರೋಪಕ್ಕೆ ಗುರಿಯಾದವನಿಗೂ ಸಾಕ್ಷ್ಯವುಂಟು, ಪಾಟೀಸವಾಲುಂಟು. ಮನುಷ್ಯನಾದರೋ ತನ್ನ ವಿಷಯದಲ್ಲಿ ತಾನೇ ಫಿರ್ಯಾದಿಯಾಗಿ, ತಾನೇ ಸಾಕ್ಷಿಯಾಗಿ, ತಾನೇ ನ್ಯಾಯಾಧೀಶನಾಗಿ, ಕ್ಷಣಮಾತ್ರದಲ್ಲಿ ಶಿಕ್ಷೆಯನ್ನು ವಿಧಿಸಿಕೊಳ್ಳುವನು. ಇದಕ್ಕಿಂತ ಮಿಗಿಲಾದ ಅನ್ಯಾಯವುಂಟೆ?

ಅಮೆರಿಕಾ ದೇಶದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಮನೋವೈದ್ಯರಾದ ಆರನ್ ಬೆಕ್ ಎಂಬವರು 1960ರ ದಶಕದಲ್ಲಿ ಈ ಅಂಶವನ್ನೇ ಕಂಡುಕೊಂಡರು. ಖಿನ್ನತೆಗೊಳಗಾದವರ ಮನಸ್ಸಿನಲ್ಲಿ ತನ್ನನ್ನೂ ಲೋಕವನ್ನೂ ಭವಿಷ್ಯವನ್ನೂ ಹಳಿಯುವ ಯೋಚನೆಗಳು ತಾವಾಗಿಯೇ ಏಳುವುವೆಂದೂ, ರೋಗಿಯು ಅವನ್ನು ಪರೀಕ್ಷಿಸದೆಯೇ ನಂಬುವನೆಂದೂ ಅವರು ತೋರಿಸಿದರು. ಒಂದು ಸೋಲಿನಿಂದ ಸರ್ವನಾಶವನ್ನು ಊಹಿಸುವುದು, ಪೂರ್ಣ ಜಯವಲ್ಲದುದೆಲ್ಲ ಸೋಲೆಂದು ಎಣಿಸುವುದು, ಪರರ ಮನಸ್ಸನ್ನು ತಾನು ಓದಬಲ್ಲೆನೆಂದು ತಿಳಿಯುವುದು, ಇವೇ ಆ ದೋಷಗಳು.

ಅವರು ಹೇಳಿದ ಉಪಾಯವು ಸರಳವಾದುದು. ಕಾಡುವ ಯೋಚನೆಯನ್ನು ಕಾಗದದ ಮೇಲೆ ಬರೆಯತಕ್ಕದ್ದು. ಅದಕ್ಕೆ ಅನುಕೂಲವಾದ ಸಾಕ್ಷ್ಯವನ್ನೂ ಪ್ರತಿಕೂಲವಾದುದನ್ನೂ ಎದುರುಬದುರಾಗಿ ಬರೆಯತಕ್ಕದ್ದು. ಬಳಿಕ ನ್ಯಾಯವಾಗಿ ನಿಲ್ಲುವ ಮಾತನ್ನು ಬರೆಯತಕ್ಕದ್ದು. ಹೀಗೆ ಮಾಡಿದಲ್ಲಿ ನಮ್ಮ ಬಾಲಕನಿಗೆ ದೊರೆಯುವ ತೀರ್ಪು ಇಷ್ಟೇ: “ಗಣಿತದಲ್ಲಿ ತಪ್ಪಿದ್ದೇನೆ, ಉಳಿದ ವಿಷಯಗಳಲ್ಲಿ ತೇರ್ಗಡೆಯಾಗಿದ್ದೇನೆ, ಮರುಪರೀಕ್ಷೆಯಿದೆ.” ಅನಂತರ ನಾಳೆ ಬೆಳಗ್ಗೆ ಹತ್ತು ಲೆಕ್ಕಗಳನ್ನು ಮಾಡಲು ಕುಳಿತನಾದರೆ ಅರ್ಧ ಭಾರವು ಇಳಿದಂತೆಯೇ ಸರಿ.

ಇದು ಸಿಹಿಮಾತಿನಿಂದ ಮನಸ್ಸನ್ನು ವಂಚಿಸುವ ವಿದ್ಯೆಯೆಂದು ಯಾರೂ ತಿಳಿಯಬಾರದು. ವಿಚಾರಣೆಯಲ್ಲಿ ಕೆಲವೊಮ್ಮೆ ಆರೋಪವೇ ನಿಜವಾಗುವುದುಂಟು. ಸಾಲದ ಹೊರೆಯಿಂದ ಕುಗ್ಗಿದ ರೈತನ ಚಿಂತೆಯು ಭ್ರಮೆಯಲ್ಲ. ಅದರ ಪರಿಹಾರವು ಅವನ ಯೋಚನೆಯಲ್ಲಿಲ್ಲ, ಸಾಲಗಾರರಲ್ಲಿಯೂ ಅಧಿಕಾರಿಗಳಲ್ಲಿಯೂ ಇದೆ. ಅಂಥವನಿಗೆ “ಮನಸ್ಸನ್ನು ತಿದ್ದಿಕೋ” ಎಂದು ಬೋಧಿಸುವುದು ಹೊಣೆಗಾರರು ತಪ್ಪಿಸಿಕೊಳ್ಳುವ ದಾರಿಯಷ್ಟೇ.

ಮತ್ತೊಂದು ಎಚ್ಚರಿಕೆಯೂ ಅವಶ್ಯಕ. ಎರಡು ವಾರಗಳಿಗೂ ಮಿಕ್ಕಿ ನಿದ್ರೆ, ಹಸಿವು, ಉತ್ಸಾಹಗಳು ಕುಂದಿದಲ್ಲಿ ವೈದ್ಯರನ್ನು ಕಾಣತಕ್ಕದ್ದು; ಬದುಕೇ ಬೇಡವೆಂಬ ಮಾತು ಬಂದಲ್ಲಿ ಒಂದು ದಿನವೂ ತಡೆಯಲಾಗದು, ಅಂಥವರನ್ನು ಒಬ್ಬರನ್ನೇ ಬಿಡಲೂ ಆಗದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮೇಲ್ಪಂಕ್ತಿಯಾಯಿತೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ವಿಷಯ. 2022ರಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದವರಿಗೆ ಟೆಲಿ-ಮಾನಸ್ ಸೇವೆಯು ಉಚಿತವಾಗಿ ದೊರೆಯುತ್ತಿದೆ. ಜ್ವರಕ್ಕೆ ಮದ್ದು ಕೇಳಲು ನಾಚದವರು ಇದಕ್ಕೇಕೆ ನಾಚಬೇಕು?

ತಾಯಿತಂದೆಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮ ವಿಜ್ಞಾಪನೆ ಒಂದೇ. ಮಗುವು ತನ್ನ ಮೇಲೆ ತಾನೇ ದೂರು ಹೊತ್ತು ನಿಂತಾಗ ನೀವು ಎರಡನೆಯ ಫಿರ್ಯಾದಿಗಳಾಗಬೇಡಿರಿ. ಪಕ್ಕದಲ್ಲಿ ಕುಳಿತು ಅದರ ಮಾತನ್ನು ಪೂರ್ತಿಯಾಗಿ ಕೇಳಿರಿ, ಬಳಿಕ “ಇದಕ್ಕೆ ಸಾಕ್ಷ್ಯವೇನು?” ಎಂದು ಮೆಲ್ಲನೆ ಕೇಳಿರಿ. ಅಷ್ಟರಿಂದಲೇ ಒಂದು ಜೀವವು ಉಳಿಯಬಹುದು.