ನೀರುಗಂಟಿಯಿಲ್ಲದ ನಾಲೆ: ಹಳ್ಳಿಯ ಶಾಲೆಯೂ ಗಣಕಯಂತ್ರವೂ

ಕಟ್ಟೆಯಲ್ಲಿ ನೀರು ತುಂಬಿದ ಮಾತ್ರಕ್ಕೆ ಗದ್ದೆಯಲ್ಲಿ ಬೆಳೆ ಬರುವುದಿಲ್ಲವೆಂಬುದನ್ನು ಮಂಡ್ಯ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1911ರಲ್ಲಿ ಕಾಮಗಾರಿ ಆರಂಭವಾಗಿ 1930ರ ದಶಕದ ಮೊದಲ ವರ್ಷಗಳಲ್ಲಿ ಪೂರ್ಣಗೊಂಡ ಕನ್ನಂಬಾಡಿ ಕಟ್ಟೆಯಿಂದ ಹೊರಟ ನಾಲೆ, ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಟ್ಟು ಅನಂತರ ವಿಶ್ವೇಶ್ವರಯ್ಯ ನಾಲೆಯೆನಿಸಿ, ಈ ಸೀಮೆಯ ಬದುಕನ್ನೇ ಬದಲಿಸಿತು. ಆದರೆ ಆ ನೀರು ಮುಖ್ಯ ನಾಲೆಯಿಂದ ಉಪನಾಲೆಗೆ, ಉಪನಾಲೆಯಿಂದ ಕಿರುಗಾಲುವೆಗೆ, ಅಲ್ಲಿಂದ ತೂಬಿಗೆ ಇಳಿದು, ಕಟ್ಟಕಡೆಗೆ ಒಬ್ಬ ಬಡ ಹಿಡುವಳಿದಾರನ ಬದುವನ್ನು ಮುಟ್ಟಬೇಕಾದರೆ ನಡುವೆ ಒಬ್ಬ ಮನುಷ್ಯ ನಿಲ್ಲಬೇಕು. ಅವನೇ ನೀರುಗಂಟಿ. ಯಾವ ಗದ್ದೆಗೆ ಎಷ್ಟು ನೀರು, ಯಾವ ಸರದಿಯಲ್ಲಿ, ಎಷ್ಟು ಹೊತ್ತು ಎಂಬುದನ್ನು ಬಲ್ಲವನು ಅವನು. ಅವನು ಕಾಣೆಯಾದರೆ, ಕಾಲುವೆಯ ಹೂಳು ತೆಗೆಯುವವರಿಲ್ಲದಿದ್ದರೆ, ತಲೆಯ ಗದ್ದೆ ನೀರು ನಿಂತು ಕೊಳೆಯುತ್ತದೆ. ಕೊನೆಯ ಗದ್ದೆ ಬಾಯ್ದೆರೆದು ಒಣಗುತ್ತದೆ. ಕಟ್ಟೆ ತುಂಬಿದ ವರ್ಷದಲ್ಲಿಯೂ ಕೊನೆಯ ಭಾಗಕ್ಕೆ ನೀರು ಬರಲಿಲ್ಲವೆಂಬ ದೂರು ಈ ಜಿಲ್ಲೆಗೆ ಹೊಸದಲ್ಲ.

ಕನ್ನಂಬಾಡಿಗೆ ಸಮೀಪದಲ್ಲಿರುವ ಪಾಂಡವಪುರ ತಾಲ್ಲೂಕಿನ ಚಿನಕುರಳಿಯಂತಹ ಊರುಗಳ ಪ್ರಾಥಮಿಕ ಶಾಲೆಗಳಿಗೆ ಈಗ ಬೇರೊಂದು ನಾಲೆಯನ್ನು ತರುವ ಉತ್ಸಾಹ ಎಲ್ಲೆಡೆ ಕಂಡುಬರುತ್ತಿದೆ. ಗಣಕಯಂತ್ರ, ಟ್ಯಾಬ್ಲೆಟ್, ಪ್ರೊಜೆಕ್ಟರ್, ಅಂತರ್ಜಾಲ, ಸ್ಮಾರ್ಟ್ ತರಗತಿ ಎಂಬ ಹೆಸರುಗಳಲ್ಲಿ ಅದು ಬರುತ್ತಿದೆ. ಸರ್ಕಾರವೂ, ಉದ್ಯಮಗಳೂ, ಊರಿನಿಂದ ಹೊರಗೆ ಹೋಗಿ ಏಳಿಗೆಗೆ ಬಂದ ಹಳೆಯ ವಿದ್ಯಾರ್ಥಿಗಳೂ ಈ ಕಾರ್ಯಕ್ಕೆ ಕೈಯಿಕ್ಕಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಯಂತ್ರ ಶಾಲೆಯ ಬಾಗಿಲನ್ನು ಮುಟ್ಟುವುದು ಬೇರೆ, ವಿದ್ಯೆ ಕೊನೆಯ ಸಾಲಿನ ಮಗುವನ್ನು ಮುಟ್ಟುವುದು ಬೇರೆ. ಇವೆರಡರ ನಡುವೆ ನಿಲ್ಲುವ ನೀರುಗಂಟಿ ಉಪಾಧ್ಯಾಯನೇ. ಅವನನ್ನು ಸಿದ್ಧಗೊಳಿಸದೆ, ಅವನಿಗೆ ಬಿಡುವು ಕೊಡದೆ, ಯಂತ್ರದ ಪಾಲನೆಗೆ ವ್ಯವಸ್ಥೆ ಮಾಡದೆ ಸುರಿಯುವ ಹಣ ಹೂಳು ತುಂಬಿದ ಕಾಲುವೆಗೆ ಬಿಟ್ಟ ನೀರಿನಂತಾಗುತ್ತದೆ.

ಹೊಸ ಶಕ್ತಿಯೊಂದು ಬಂದಾಗ ಅದು ಮೊದಲು ಬಡವನ ಮನೆಯನ್ನು ಹುಡುಕಿಕೊಂಡು ಹೋಗುವುದಿಲ್ಲವೆಂಬುದಕ್ಕೆ ಈ ಜಿಲ್ಲೆಯ ಇತಿಹಾಸದಲ್ಲಿಯೇ ನಿದರ್ಶನವಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ನೂರಾರು ಹಳ್ಳಿಗಳ ತಲೆಯ ಮೇಲೆ ಹಾದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ತಂತಿಯ ಕೆಳಗಿನ ಹಳ್ಳಿಗಳು ಬೆಳಕಿಗಾಗಿ ದಶಕಗಟ್ಟಲೆ ಕಾಯಬೇಕಾಯಿತು. ಇಂದು ಶಾಲೆಗೆ ವಿದ್ಯುತ್ ಸಂಪರ್ಕವಿದ್ದರೂ ಅದರ ಬಿಲ್ಲು ಕಟ್ಟುವುದೇ ಎಷ್ಟೋ ಮುಖ್ಯೋಪಾಧ್ಯಾಯರಿಗೆ ಚಿಂತೆಯ ವಿಷಯವಾಗಿತ್ತು. 2023ರ ಕನ್ನಡ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ತನ್ನು ರಾಜ್ಯ ಸರ್ಕಾರ ಘೋಷಿಸಬೇಕಾಯಿತೆಂಬುದೇ ಆ ಕಷ್ಟಕ್ಕೆ ಸಾಕ್ಷಿ. ದೇಶದ ಸ್ಥಿತಿಯನ್ನು ನೋಡಿದರೆ, 2023-24ರ ಅಧಿಕೃತ ಅಂಕಿ ಅಂಶಗಳಂತೆ ಶೇಕಡ 57ರಷ್ಟು ಶಾಲೆಗಳಲ್ಲಿ ಮಾತ್ರ ಕೆಲಸಮಾಡುವ ಗಣಕಯಂತ್ರಗಳಿದ್ದವು. ಶೇಕಡ 54ರಷ್ಟು ಶಾಲೆಗಳಿಗೆ ಮಾತ್ರ ಅಂತರ್ಜಾಲದ ಸೌಲಭ್ಯವಿತ್ತು. ಉಳಿದ ಶಾಲೆಗಳು ಯಾವುವೆಂದು ಹಳ್ಳಿಗಾಡನ್ನು ಬಲ್ಲವರು ಊಹಿಸಬಲ್ಲರು.

ಯಂತ್ರದ ಮೂಲಕ ಹಳ್ಳಿಯ ಮಗುವಿಗೆ ಪಾಠ ಹೇಳುವ ಪ್ರಯತ್ನ ನಿನ್ನೆ ಮೊನ್ನೆಯದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಡೆದ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪೆಟ್ಟಿಗೆಗಳು ಬಂದವು. ಕರ್ನಾಟಕದ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಮಕ್ಕಳು ಬೆಳಗಿನ ವೇಳೆ ಕನ್ನಡದಲ್ಲಿ ಪಾಠಗಳನ್ನು ಕಂಡರು. ಆ ಪ್ರಯೋಗದಲ್ಲಿ ಇಂದಿಗೂ ಅನುಕರಣೀಯವಾದ ಎರಡು ಅಂಶಗಳಿದ್ದವು. ಪೆಟ್ಟಿಗೆ ಕೆಟ್ಟರೆ ದುರಸ್ತಿ ಮಾಡುವ ಕೇಂದ್ರಗಳನ್ನೂ ತಂತ್ರಜ್ಞರನ್ನೂ ಮುಂಚಿತವಾಗಿಯೇ ಏರ್ಪಡಿಸಲಾಗಿತ್ತು. ಅದೇ ಉಪಗ್ರಹದ ನೆರವಿನಿಂದ ಸುಮಾರು 48,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ನೀಡಲಾಯಿತು. ಅಂದಿನ ವಿಜ್ಞಾನಿಗಳು ಕಟ್ಟೆಯ ಜೊತೆಗೆ ತೂಬನ್ನೂ ನೀರುಗಂಟಿಯನ್ನೂ ಯೋಚಿಸಿದ್ದರು. ಆದರೆ ಉಪಗ್ರಹ ಅಮೆರಿಕದಿಂದ ಎರವಲು ಬಂದದ್ದು. ವರ್ಷ ಮುಗಿದೊಡನೆ ಅದು ಹಿಂದಿರುಗಿತು, ಪಾಠವೂ ನಿಂತಿತು. ಮುಂದೆ 2004ರ ಸೆಪ್ಟೆಂಬರ್ 20ರಂದು ಭಾರತವೇ ಶಿಕ್ಷಣಕ್ಕಾಗಿ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ನೆರೆಯ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳು ಅದರ ಪ್ರಯೋಗಕ್ಕೆ ಒಳಪಟ್ಟವು. ಆ ಉಪಗ್ರಹದ ಆಯುಷ್ಯವೂ 2010ರಲ್ಲಿ ಮುಗಿಯಿತು. ಯಂತ್ರಕ್ಕೆ ಆಯುಷ್ಯವಿದೆ; ಅದು ಮುಗಿದ ಮೇಲೆ ಶಾಲೆಯಲ್ಲಿ ಏನು ಉಳಿಯುತ್ತದೆಂಬುದೇ ಆ ವೆಚ್ಚದ ನಿಜವಾದ ಪರೀಕ್ಷೆ.

ಈ ಪರೀಕ್ಷೆಯನ್ನು ಶಾಸ್ತ್ರೀಯವಾಗಿ ನಡೆಸಿ ನೋಡಿದವರೂ ಉಂಟು. ಗುಜರಾತಿನ ವಡೋದರ ನಗರದ ಪುರಸಭಾ ಶಾಲೆಗಳಲ್ಲಿ ನಾಲ್ಕನೆಯ ತರಗತಿಯ ಮಕ್ಕಳು, ಒಂದು ಗಣಕಯಂತ್ರದ ಮುಂದೆ ಇಬ್ಬರಂತೆ ಕುಳಿತು, ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನಾಡಿದರು. ಅವರ ಗಣಿತ ಗಣನೀಯವಾಗಿ ಸುಧಾರಿಸಿತು. ಅದೇ ರಾಜ್ಯದಲ್ಲಿ ನಡೆದ ಇನ್ನೊಂದು ಅಧ್ಯಯನ ಬೇರೊಂದು ಎಚ್ಚರಿಕೆಯನ್ನು ನೀಡಿತು. ಶಾಲೆಯ ಸಮಯದಲ್ಲಿ ಉಪಾಧ್ಯಾಯರ ಪಾಠಕ್ಕೆ ಬದಲಾಗಿ ಯಂತ್ರವನ್ನು ಬಳಸಿದ ಕಡೆ ಮಕ್ಕಳ ಕಲಿಕೆ ಕುಗ್ಗಿತು. ಶಾಲೆ ಮುಗಿದ ಮೇಲೆ ಪಾಠಕ್ಕೆ ಪೂರಕವಾಗಿ ಬಳಸಿದ ಕಡೆ, ಅದರಲ್ಲಿಯೂ ಹಿಂದುಳಿದ ಮಕ್ಕಳಿಗೆ, ಪ್ರಯೋಜನವಾಯಿತು. ದೂರದ ಪೆರು ದೇಶದ ಅನುಭವವೂ ಗಮನಾರ್ಹ. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯಡಿ ಆ ದೇಶ ಎಂಟು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಹಂಚಿತು. 319 ಹಳ್ಳಿ ಶಾಲೆಗಳನ್ನು ಪರಿಶೀಲಿಸಿದ 2012ರ ಅಧ್ಯಯನಕ್ಕೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಸುಧಾರಣೆಯ ಕುರುಹು ದೊರೆಯಲಿಲ್ಲ. ಗುಜರಾತಿನಲ್ಲಿ ಯಂತ್ರ ಕಡಿಮೆ, ಉದ್ದೇಶ ಸ್ಪಷ್ಟ; ಪೆರುವಿನಲ್ಲಿ ಯಂತ್ರ ಹೇರಳ, ಆದರೆ ಅದನ್ನು ಪಾಠಕ್ಕೆ ಹೊಂದಿಸಿಕೊಳ್ಳುವ ಸಿದ್ಧತೆ ಅಲ್ಪ. ಫಲ ಅದಕ್ಕೆ ತಕ್ಕಂತೆಯೇ ಬಂದಿತು.

ಕೋವಿಡ್ ಪಿಡುಗಿನಿಂದ 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದಾಗ ಈ ಸತ್ಯವನ್ನು ಕರ್ನಾಟಕವೇ ಕಣ್ಣಾರೆ ಕಂಡಿತು. ನಗರದ ಅನುಕೂಲಸ್ಥರ ಮಕ್ಕಳು ಪರದೆಯ ಮುಂದೆ ಪಾಠ ಕೇಳಿದರು. ಹಳ್ಳಿಯಲ್ಲಿ ಮನೆಗೊಂದು ಮೊಬೈಲ್ ಇದ್ದರೆ ಅದು ಹಗಲೆಲ್ಲ ಹೊಲಕ್ಕೋ ಕೂಲಿಗೋ ಹೋದ ತಂದೆಯ ಜೇಬಿನಲ್ಲಿತ್ತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ರಾಜ್ಯ ಸರ್ಕಾರ ವಿದ್ಯಾಗಮ ಯೋಜನೆಯನ್ನು ಆರಂಭಿಸಿ, ಸ್ಮಾರ್ಟ್ ಫೋನ್ ಇರುವ ಮಕ್ಕಳು, ಸಾಧಾರಣ ಫೋನ್ ಇರುವ ಮಕ್ಕಳು, ಯಾವುದೂ ಇಲ್ಲದ ಮಕ್ಕಳು ಎಂದು ಮೂರು ವರ್ಗಗಳನ್ನು ಗುರುತಿಸಿತು. ಏನೂ ಇಲ್ಲದ ಮಗುವಿನ ಬಳಿಗೆ ಹೋದದ್ದು ಉಪಾಧ್ಯಾಯರು. ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ, ಸಮುದಾಯ ಭವನದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಅವರು ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ನಿಂತ ಆ ಕಾರ್ಯ 2021ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಆ ದಿನಗಳಲ್ಲಿ ಕೊನೆಯ ಗದ್ದೆಗೆ ನೀರು ಹಾಯಿಸಲು ಸ್ವತಃ ನಡೆದುಹೋದ ನೀರುಗಂಟಿಗಳು ಅವರು.

ಇಷ್ಟನ್ನು ಹೇಳಿದಾಗ, ಹಾಗಾದರೆ ಬಡ ಮಕ್ಕಳಿಗೆ ಗಣಕಯಂತ್ರ ಬೇಡವೇ, ಅದು ಉಳ್ಳವರ ಸೊತ್ತಾಗಿಯೇ ಉಳಿಯಬೇಕೇ ಎಂಬ ಪ್ರಶ್ನೆ ಏಳುವುದು ಸಹಜ, ನ್ಯಾಯವಾದುದೂ ಹೌದು. ಅದನ್ನು ಬೇಡವೆನ್ನುವುದು ಅನ್ಯಾಯದ ಮಾತಾದೀತು. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿಗೆ ಕಡಲನ್ನೂ ಹಿಮಾಲಯವನ್ನೂ ಹೃದಯದ ಬಡಿತವನ್ನೂ ಕಣ್ಣ ಮುಂದೆ ತೋರಿಸಬಲ್ಲ ಸಾಧನ ವರವೇ ಸರಿ. ಐದು ತರಗತಿಗಳಿಗೆ ಇಬ್ಬರೇ ಉಪಾಧ್ಯಾಯರಿರುವ ಶಾಲೆಯಲ್ಲಿ ಒಂದು ಗುಂಪಿಗೆ ಪಾಠ ನಡೆಯುತ್ತಿರುವಾಗ ಇನ್ನೊಂದು ಗುಂಪು ಯಂತ್ರದ ಮುಂದೆ ಮಗ್ಗಿಯನ್ನೋ ಓದನ್ನೋ ಅಭ್ಯಾಸ ಮಾಡಬಹುದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, ಯೂನಿಕೋಡ್ ಇವುಗಳ ಫಲವಾಗಿ ಯಂತ್ರವೂ ಕನ್ನಡ ಕಲಿತಿದೆ. ಹೀಗಿರುವಾಗ ಚಿನಕುರಳಿಯ ಮಗು ಪರದೆಯ ಮೇಲೆ ಕೇವಲ ನೋಡುಗನಾಗಿ ಉಳಿಯಬೇಕಾದ ಕಾರಣವಿಲ್ಲ. ತನ್ನ ಅಜ್ಜಿ ಹಾಡುವ ಸೋಬಾನೆಯನ್ನು ಧ್ವನಿಮುದ್ರಿಸಿ ಕೇಳಬಹುದು. ಊರಿನ ಕೆರೆಯ ಚಿತ್ರ ತೆಗೆದು ಅದರ ಕೆಳಗೆ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ತಾನೇ ಬರೆಯಬಹುದು.

ಆದರೆ ಇದನ್ನು ಮಾಡಿಸುವವರು ಯಾರು? ಇಂದಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ದಿನಚರಿಯನ್ನು ಹತ್ತಿರದಿಂದ ನೋಡಿದವರಿಗೆ ಉತ್ತರ ಸುಲಭವಲ್ಲ. ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿಯನ್ನು ಅಂತರ್ಜಾಲದಲ್ಲಿ ದಾಖಲಿಸುವ ಕೆಲಸ, ಮತದಾರರ ಪಟ್ಟಿ, ಚುನಾವಣೆ, ಸಮೀಕ್ಷೆ ಇವೆಲ್ಲ ಅವರ ಹೆಗಲ ಮೇಲಿವೆ. ಗಣಕಯಂತ್ರ ಮಗುವಿಗೆ ಪಾಠ ಕಲಿಸುವುದಕ್ಕಿಂತ ಮಗುವಿನ ವಿಷಯವನ್ನು ಮೇಲಿನ ಕಚೇರಿಗೆ ವರದಿ ಮಾಡುವುದಕ್ಕೇ ಹೆಚ್ಚು ಬಳಕೆಯಾಗುತ್ತಿರುವುದು ವಿಷಾದದ ಸಂಗತಿ. ಯಂತ್ರ ಕೆಟ್ಟರೆ ತಮ್ಮ ಮೇಲೆ ಹೊಣೆ ಬರುವುದೆಂಬ ಅಂಜಿಕೆಯಿಂದ ಕೊಠಡಿಗೆ ಬೀಗ ಹಾಕಿಡುವವರೂ ಇದ್ದಾರೆ. ಅವರನ್ನು ದೂಷಿಸಿ ಫಲವಿಲ್ಲ. ಒಂದು ದಿನದ ತರಬೇತಿ ಕೊಟ್ಟು, ಕೈಯಲ್ಲಿ ಬೀಗದ ಕೈಯಿಟ್ಟು, ನಷ್ಟಕ್ಕೆ ಹೊಣೆಗಾರರನ್ನಾಗಿ ಮಾಡಿದರೆ ಯಾರಾದರೂ ಹಾಗೆಯೇ ಮಾಡಿಯಾರು.

ಉಪಾಧ್ಯಾಯರನ್ನು ನಂಬಿ ಕೆಲಸ ಒಪ್ಪಿಸಿದರೆ ಏನಾಗಬಹುದೆಂಬುದಕ್ಕೂ ಹತ್ತಿರದಲ್ಲಿಯೇ ಉದಾಹರಣೆಯಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ 1995ರಲ್ಲಿ ನಲಿ-ಕಲಿ ಪದ್ಧತಿಯನ್ನು ಆರಂಭಿಸಿದರು. ಅಲ್ಲಿದ್ದದ್ದು ಕಲಿಕಾ ಕಾರ್ಡುಗಳು, ಹಾಡು, ಆಟ, ಗುಂಪು ಚಟುವಟಿಕೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದುವರಿಯಬಹುದೆಂದು, ಗಣಕಯಂತ್ರದ ಬಗ್ಗೆ ಈಗ ಹೇಳಲಾಗುತ್ತಿರುವ ಮಾತನ್ನು ಅವರು ರಟ್ಟಿನ ಕಾರ್ಡುಗಳಿಂದಲೇ ಸಾಧಿಸಹೊರಟಿದ್ದರು. 2009-10ರ ವೇಳೆಗೆ ಆ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವ್ಯಾಪಿಸಿತು. ಸಾಧನ ಉಪಾಧ್ಯಾಯರದೇ ಆಗಿದ್ದುದರಿಂದ ಅದಕ್ಕೆ ಜೀವವಿತ್ತು.

ಆದುದರಿಂದ ಶಾಲೆಗೆ ದಾನ ಮಾಡಬಯಸುವ ಮಹನೀಯರು ಕೆಲವು ಮಾತುಗಳನ್ನು ಮನಸ್ಸಿಗೆ ತಂದುಕೊಳ್ಳುವುದು ಉಚಿತ. ನೂರು ರೂಪಾಯಿ ಕೊಡುವಲ್ಲಿ ಐವತ್ತನ್ನಾದರೂ ಯಂತ್ರದ ಪಾಲನೆಗೆ, ಬ್ಯಾಟರಿಗೆ, ದುರಸ್ತಿಗೆ, ಶಿಕ್ಷಕರ ತರಬೇತಿಗೆ ಮೀಸಲಿಡಬೇಕು. ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಅದನ್ನು ಬದಲಿಸುವವರಿಲ್ಲದೆ ಉಳಿದೆಲ್ಲ ಯಂತ್ರಗಳೂ ನಿಲ್ಲುತ್ತವೆ. ಇಪ್ಪತ್ತು ಯಂತ್ರಗಳನ್ನು ಒಮ್ಮೆಗೇ ತುಂಬುವುದಕ್ಕಿಂತ ನಾಲ್ಕನ್ನು ಕೊಟ್ಟು ಐದು ವರ್ಷ ನಡೆಸುವುದು ಮೇಲು. ಅಂತರ್ಜಾಲ ಬಂದಾಗ ಬರಲಿ. ಅದಿಲ್ಲದೆಯೂ ತೆರೆದುಕೊಳ್ಳುವ ಕನ್ನಡ ಪಾಠಗಳನ್ನು ಯಂತ್ರದೊಳಗೇ ತುಂಬಿಡಬೇಕು. ಯಂತ್ರ ಕೆಟ್ಟರೆ ಶಿಕ್ಷಕರಿಗೆ ದಂಡವಿಲ್ಲವೆಂದು ಬರಹದಲ್ಲಿಯೇ ಭರವಸೆ ಕೊಡಬೇಕು. ಏನು ಬೇಕೆಂದು ಕೊಳ್ಳುವ ಮೊದಲು ಆ ಶಾಲೆಯ ಶಿಕ್ಷಕರನ್ನು ಕೇಳಬೇಕು. ಅವರು ಗಣಕಯಂತ್ರಕ್ಕೆ ಮುಂಚೆ ಗ್ರಂಥಾಲಯವನ್ನೋ ಹೆಣ್ಣುಮಕ್ಕಳ ಶೌಚಾಲಯವನ್ನೋ ಕೇಳಿದರೆ ಅದನ್ನು ಗೌರವಿಸಬೇಕು. ಹಣಕ್ಕಿಂತ ವಿದ್ಯೆಯಲ್ಲಿ ಸಿರಿವಂತರಾದ ಹಳೆಯ ವಿದ್ಯಾರ್ಥಿಗಳು ತಿಂಗಳಿಗೆ ಒಂದು ಶನಿವಾರವನ್ನು ಕೊಡಬಹುದು; ಶಿಕ್ಷಕರ ಪಕ್ಕದಲ್ಲಿ ಕುಳಿತು ಅವರ ಅಂಜಿಕೆಯನ್ನು ಕಳೆಯಬಹುದು.

ಗೋಡೆಯ ಮೇಲಿನ ದಾನಿಗಳ ಫಲಕ ಉದ್ಘಾಟನೆಯ ದಿನ ಹೊಳೆಯುತ್ತದೆ. ಸತ್ತ ಬ್ಯಾಟರಿಯನ್ನು ಮೂರು ವರ್ಷಗಳ ಅನಂತರ ಬದಲಿಸಿದವರಿಗೆ ಯಾರೂ ಫಲಕ ಹಾಕಿಸುವುದಿಲ್ಲ. ಆದರೂ ದಾಸೋಹವೆಂಬ ಮಾತನ್ನು ಉಸಿರಾಗಿಸಿಕೊಂಡ ಪರಂಪರೆಯ ವಿದ್ಯಾಸಂಸ್ಥೆಗಳಿಗೆ ಹೆಸರಿಲ್ಲದ ಕೊಡುಗೆಯ ಹಿರಿಮೆಯನ್ನು ವಿವರಿಸಬೇಕಾಗಿಲ್ಲ. ಮುಂದಿನ ವರ್ಷ ಶಾಲೆಯ ವರದಿ ಬರೆಯುವಾಗ ಎಷ್ಟು ಯಂತ್ರಗಳು ಬಂದವೆಂದು ಎಣಿಸುವುದಕ್ಕೆ ಮುಂಚೆ, ಕೊನೆಯ ಸಾಲಿನಲ್ಲಿ ಕುಳಿತ ಮಗು ಹೊಸದಾಗಿ ಏನನ್ನು ಓದಬಲ್ಲದು, ಏನನ್ನು ಲೆಕ್ಕ ಹಾಕಬಲ್ಲದು ಎಂದು ಕೇಳುವ ರೂಢಿ ಬೆಳೆಯಲಿ. ನಾಲೆಯ ಉದ್ದವನ್ನು ಅಳೆದು ತೃಪ್ತಿಪಡುವವನು ಗುತ್ತಿಗೆದಾರ. ಕೊನೆಯ ಗದ್ದೆಯ ಪೈರನ್ನು ನೋಡಿಬಂದು ತೃಪ್ತಿಪಡುವವನು ನೀರುಗಂಟಿ. ಹಳ್ಳಿಯ ಶಾಲೆಗೆ ಇಂದು ಬೇಕಾಗಿರುವುದು ಈ ಎರಡನೆಯವನ ಕಣ್ಣು.