ಯುವಜನರ ವಿದೇಶ ಯಾತ್ರೆ ಮತ್ತು ಕ್ರೈಸ್ತ ಐಕ್ಯ

ಕ್ರೈಸ್ತ ಯುವಜನರು ತಂಡ ಕಟ್ಟಿಕೊಂಡು ವಿದೇಶಗಳಿಗೆ ತೆರಳುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಸೇವಾ ಶಿಬಿರ, ಪ್ರಾರ್ಥನಾ ಕೂಟ, ಅಂತರರಾಷ್ಟ್ರೀಯ ಸಮಾವೇಶ ಎಂದು ಅವಕ್ಕೆ ಹೆಸರು ಹಲವು. 2023ರ ಆಗಸ್ಟ್ ತಿಂಗಳಲ್ಲಿ ಲಿಸ್ಬನ್ ನಗರದಲ್ಲಿ ಜರುಗಿದ ವಿಶ್ವ ಯುವ ದಿನಾಚರಣೆಗೆ ನಮ್ಮ ದೇಶದ ಯುವಜನರೂ ಹೋಗಿ ಬಂದರು. ಇಂತಹ ಯಾತ್ರೆಗಳು ಶತಮಾನಗಳಿಂದ ಬೇರೆ ಬೇರೆಯಾಗಿ ನಿಂತಿರುವ ಕ್ರೈಸ್ತ ಸಭೆಗಳನ್ನು ಒಂದುಗೂಡಿಸಬಲ್ಲವೇ, ಇಲ್ಲವೇ ಛಾಯಾಚಿತ್ರಗಳನ್ನು ಹೊತ್ತು ತರುವ ಪ್ರವಾಸಗಳಾಗಿಯೇ ಮುಗಿದುಹೋಗುವವೇ ಎಂಬುದು ಆಲೋಚಿಸಬೇಕಾದ ವಿಷಯ.

ಇದಕ್ಕೆ ಉತ್ತರವನ್ನು ದಕ್ಷಿಣ ಭಾರತದ ಇತಿಹಾಸದಲ್ಲಿಯೇ ಕಾಣಬಹುದು. 1902ರಲ್ಲಿ ವೈ.ಎಂ.ಸಿ.ಎ. ಕಾರ್ಯದರ್ಶಿಯಾಗಿದ್ದ, ಇನ್ನೂ ಮೂವತ್ತು ತುಂಬದ ವೇದನಾಯಗಂ ಸ್ಯಾಮುಯೆಲ್ ಅಜರಯ್ಯ ಎಂಬ ತರುಣ ಸಿಂಹಳದ ಜಾಫ್ನಾಕ್ಕೆ ಹೋದರು. ಅಲ್ಲಿಯ ತಮಿಳು ಕ್ರೈಸ್ತರು ಪಾಶ್ಚಾತ್ಯರ ಹಣಕ್ಕೆ ಕೈಯೊಡ್ಡದೆ, ತಮ್ಮದೇ ಕಾಣಿಕೆಯಿಂದ ತಮ್ಮವರನ್ನು ಪ್ರೇಷಿತ ಕಾರ್ಯಕ್ಕೆ ಕಳುಹಿಸುತ್ತಿದ್ದುದನ್ನು ಕಂಡು ಅವರ ಮನಸ್ಸು ಎಚ್ಚೆತ್ತಿತು. ಮರುವರ್ಷವೇ ತಿರುನೆಲ್ವೇಲಿಯಲ್ಲಿ ಭಾರತೀಯರದೇ ಆದ ಪ್ರೇಷಿತ ಸಂಘವೊಂದು ಹುಟ್ಟಿತು. 1905ರ ಕ್ರಿಸ್‌ಮಸ್ ದಿನದಂದು ಸೆರಾಂಪುರದಲ್ಲಿ ಹಲವು ಸಭೆಗಳವರು ಕೂಡಿ ರಾಷ್ಟ್ರೀಯ ಪ್ರೇಷಿತ ಸಂಘವನ್ನು ಸ್ಥಾಪಿಸಿದಾಗಲೂ ಅಜರಯ್ಯನವರು ಮುಂಚೂಣಿಯಲ್ಲಿದ್ದರು.

1910ರ ಎಡಿನ್‌ಬರೋ ಸಮ್ಮೇಳನದಲ್ಲಿ ಸಾವಿರಕ್ಕೂ ಮಿಕ್ಕಿದ ಪ್ರತಿನಿಧಿಗಳ ನಡುವೆ ಏಷ್ಯಾದವರು ಬೆರಳೆಣಿಕೆಯಷ್ಟೇ ಇದ್ದರು. ಪಾಶ್ಚಾತ್ಯ ಮಿಷನರಿಗಳು ತ್ಯಾಗ ಮಾಡಿದ್ದಾರೆ, ದಾನ ಮಾಡಿದ್ದಾರೆ. ಆದರೆ ಭಾರತೀಯರಿಗೆ ಬೇಕಾಗಿರುವುದು ಸ್ನೇಹ ಎಂಬುದನ್ನು ಅಜರಯ್ಯನವರು ಆ ಸಭೆಗೆ ನೇರವಾಗಿ ತಿಳಿಸಿದರು. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವವಿರುವವರೆಗೆ ಐಕ್ಯವೆಂಬುದು ಬರಿಯ ಮಾತು ಎಂಬುದು ಅದರ ತಾತ್ಪರ್ಯ.

1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಅವರೂ ಸಂಗಡಿಗರೂ ಹೊರಡಿಸಿದ ಹೇಳಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಭಾರತದ ಕ್ರೈಸ್ತರನ್ನು ವಿಭಜಿಸಿರುವ ಗೋಡೆಗಳು ಭಾರತೀಯರು ಕಟ್ಟಿದವಲ್ಲ, ಹಡಗಿನಲ್ಲಿ ಬಂದಿಳಿದವು ಎಂಬುದನ್ನು ಅದು ಎತ್ತಿ ತೋರಿತು. ಆ ಪ್ರಯತ್ನದ ಫಲವೇ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಉದಯಿಸಿದ ದಕ್ಷಿಣ ಭಾರತ ಸಭೆ. ಬಿಷಪರುಳ್ಳ ಆಂಗ್ಲಿಕನ್ ಸಭೆಯೂ, ಆ ಪದ್ಧತಿ ಇಲ್ಲದ ಮೆಥಡಿಸ್ಟ್ ಮೊದಲಾದ ಸಭೆಗಳೂ ಒಂದಾದುದು ಜಗತ್ತನ್ನೇ ಬೆರಗುಗೊಳಿಸಿತು. ಮೈಸೂರಿನ ವೆಸ್ಲಿಯನ್ ಸಭೆಯವರು ಇಂದು ಸಿ.ಎಸ್.ಐ. ಎನಿಸಿಕೊಂಡಿರುವುದು ಆ ದಿನದಿಂದಲೇ. ಅಜರಯ್ಯನವರು ಮಾತ್ರ ಅದನ್ನು ಕಾಣಲಿಲ್ಲ. 1945ರ ಮೊದಲ ದಿನವೇ ಅವರು ತೀರಿಕೊಂಡಿದ್ದರು.

ಆ ಒಕ್ಕೂಟದಲ್ಲಿ ಕಥೋಲಿಕರು ಇರಲಿಲ್ಲ. ನಮ್ಮ ಧರ್ಮಸಭೆಯ ಬಾಗಿಲು ತೆರೆದದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ. 1964ರ ನವೆಂಬರ್ 21ರಂದು ಪ್ರಕಟವಾದ ಕ್ರೈಸ್ತ ಐಕ್ಯದ ಆಜ್ಞಾಪತ್ರ, ಒಡಕಿಗೆ ಎರಡೂ ಕಡೆಯವರ ತಪ್ಪುಂಟೆಂದು ಒಪ್ಪಿಕೊಂಡಿತು. ಪರಮಪ್ರಸಾದವನ್ನು ಒಟ್ಟಾಗಿ ಸ್ವೀಕರಿಸುವ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ, ನಿಜ. ಆದರೆ ಒಟ್ಟಾಗಿ ಪ್ರಾರ್ಥಿಸಲು, ಒಟ್ಟಾಗಿ ಸೇವೆ ಮಾಡಲು ಅಡ್ಡಿಯಿಲ್ಲ. ಸಿನೋಡ್ ಆರಂಭಕ್ಕೆ ಮುನ್ನ, 2023ರ ಸೆಪ್ಟೆಂಬರ್ 30ರಂದು, ಜಗದ್ಗುರು ಫ್ರಾನ್ಸಿಸರೊಡನೆ ಇತರ ಸಭೆಗಳ ನಾಯಕರೂ ಯುವಜನರೂ ಸಂತ ಪೇತ್ರರ ಚೌಕದಲ್ಲಿ ಪ್ರಾರ್ಥಿಸಿದುದು ಇದಕ್ಕೆ ನಿದರ್ಶನ. ಅದಕ್ಕೆ ಪ್ರೇರಣೆ ನೀಡಿದ ಫ್ರಾನ್ಸಿನ ತೈಝೆ ಸಮುದಾಯದಲ್ಲಿ ಕಥೋಲಿಕ ಮತ್ತು ಪ್ರಾಟೆಸ್ಟಂಟ್ ಸಹೋದರರು ಒಂದೇ ಸೂರಿನಡಿ ಬಾಳುತ್ತಾರೆ. ಪ್ರತಿವರ್ಷದ ಕೊನೆಯಲ್ಲಿ ಯೂರೋಪಿನ ಒಂದೊಂದು ನಗರದಲ್ಲಿ ಅವರು ನಡೆಸುವ ಕೂಟಗಳಿಗೆ ಬರುವ ಯುವಜನರು ಸ್ಥಳೀಯ ಕುಟುಂಬಗಳ ಮನೆಗಳಲ್ಲಿ ಅತಿಥಿಗಳಾಗಿ ತಂಗುತ್ತಾರೆ. ಅತಿಥಿಯಾಗಿ ಉಂಡವನು ಆ ಮನೆಯವರ ವಿಶ್ವಾಸವನ್ನು ಹೀಗಳೆಯಲಾರ.

ನಮ್ಮ ಭಾರತೀಯ ವಿದ್ಯಾರ್ಥಿಗಳೂ ಜಗತ್ತಿಗೆ ಕೊಟ್ಟ ಕಾಣಿಕೆಯೊಂದುಂಟು. 2013ರ ಜನವರಿಯ ಕ್ರೈಸ್ತ ಐಕ್ಯ ಪ್ರಾರ್ಥನಾ ಸಪ್ತಾಹಕ್ಕೆ ಪಠ್ಯವನ್ನು ಸಿದ್ಧಪಡಿಸುವ ಹೊಣೆ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿಯದಾಗಿತ್ತು. ಕಥೋಲಿಕ ವಿದ್ಯಾರ್ಥಿಗಳ ಸಂಘಟನೆಯಾದ ಐಕಫ್ ಅವರೊಂದಿಗೆ ಕೈಜೋಡಿಸಿತು. ಪ್ರವಾದಿ ಮೀಕನ ವಾಕ್ಯವನ್ನು ಆಧಾರವಾಗಿಟ್ಟುಕೊಂಡು, ದಲಿತರು ಅನುಭವಿಸುವ ಅನ್ಯಾಯವನ್ನು ಅವರು ಇಡೀ ಜಗತ್ತಿನ ಸಭೆಗಳ ಮುಂದಿರಿಸಿದರು. ಇಲ್ಲಿಯ ಯುವಜನರು ಧೈರ್ಯವಾಗಿ ಒಪ್ಪಿಕೊಂಡ ಸತ್ಯ ಇದು: ಪಂಗಡಗಳ ಗೋಡೆ ಹೊರಗಿನಿಂದ ಬಂದಿತೆಂದು ಹೇಳಬಹುದು, ಜಾತಿಯ ಗೋಡೆಯನ್ನು ಹಾಗೆ ಹೇಳುವಂತಿಲ್ಲ. ಒಂದೇ ಸ್ನಾನದೀಕ್ಷೆ ಪಡೆದವರನ್ನು ಜಾತಿಯ ಹೆಸರಿನಲ್ಲಿ ದೂರವಿರಿಸುವವರು ಸಾಗರದಾಚೆ ಹೋಗಿ ಐಕ್ಯದ ಬಗ್ಗೆ ಮಾತನಾಡಿದರೆ ಯಾರು ನಂಬಿಯಾರು?

ಇನ್ನೊಂದು ಅಪಾಯವನ್ನೂ ಗಮನಿಸಬೇಕು. ಪ್ರೇಷಿತ ಯಾತ್ರೆಯೆಂದರೆ ಇನ್ನೊಂದು ಸಭೆಯ ವಿಶ್ವಾಸಿಗಳನ್ನು ತಮ್ಮ ಕಡೆಗೆ ಸೆಳೆಯುವುದೆಂದು ತಿಳಿದ ತಂಡಗಳೂ ಇಲ್ಲದಿಲ್ಲ. ಅಂತಹ ಯಾತ್ರೆಯಿಂದ ಹೊಸ ಗೋಡೆ ಏಳುವುದೇ ಹೊರತು ಹಳೆಯದು ಬೀಳುವುದಿಲ್ಲ. ಅಜರಯ್ಯನವರು ಜಾಫ್ನಾಕ್ಕೆ ಹೋದುದರಿಂದ ಫಲಿಸಿದ್ದು, ಅವರು ಅಲ್ಲಿಂದ ಕಲಿತು ಬಂದುದರಿಂದ. ಕಲಿಸಲೆಂದು ಮಾತ್ರ ಹೋಗುವವರು ಇದನ್ನು ನೆನಪಿನಲ್ಲಿಡಬೇಕು.

ಯಾತ್ರೆಯ ನಿಜವಾದ ಪರೀಕ್ಷೆ ನಡೆಯುವುದು ಊರಿಗೆ ಮರಳಿದ ಮೇಲೆ. ಮೈಸೂರಿನ ಅಶೋಕ ರಸ್ತೆಯ ಸಂತ ಫಿಲೋಮಿನಾ ಮಹಾದೇವಾಲಯಕ್ಕೂ, ವೆಸ್ಲಿಯನ್ ಮಿಷನ್ 1906ರಲ್ಲಿ ಮಂಡಿ ಮೊಹಲ್ಲಾದಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೂ ಬಹಳ ದೂರವೇನಿಲ್ಲ. ಜನರ ಬಾಯಲ್ಲಿ ಅದು ‘ಮಿಷನ್ ಆಸ್ಪತ್ರೆ’. ಎಲ್ಲ ಮತದವರೂ ಅದರ ಸೇವೆ ಪಡೆದಿದ್ದಾರೆ. 1933ರಲ್ಲಿ ಮಹಾದೇವಾಲಯಕ್ಕೆ ಶಂಕುಸ್ಥಾಪನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಹಿಂದೂ ಮಹಾರಾಜರು ಕ್ರೈಸ್ತ ದೇವಾಲಯಕ್ಕೆ ಕಲ್ಲಿರಿಸಲು ಬಂದ ಈ ನಗರದಲ್ಲಿ, ಒಬ್ಬನೇ ಕ್ರಿಸ್ತನನ್ನು ಪ್ರಭುವೆಂದು ಕರೆಯುವವರು ಪರಸ್ಪರರ ಹೊಸ್ತಿಲು ದಾಟಲು ಹಿಂಜರಿಯುವುದು ಶೋಭೆಯಲ್ಲ.

ಜನವರಿ 18ರಿಂದ 25ರವರೆಗಿನ ಐಕ್ಯ ಪ್ರಾರ್ಥನಾ ಸಪ್ತಾಹ ಪ್ರತಿವರ್ಷವೂ ಬರುತ್ತದೆ. ಅದನ್ನು ಗುರುಗಳ ಪ್ರಕಟಣೆಗೆ ಸೀಮಿತಗೊಳಿಸದೆ, ವಿದೇಶ ಕಂಡು ಬಂದ ನಮ್ಮ ಯುವಜನರು ಸಿ.ಎಸ್.ಐ. ಯುವಜನರನ್ನು ಕರೆದು, ತಾವೂ ಅವರಲ್ಲಿಗೆ ಹೋಗಿ, ಒಟ್ಟಾಗಿ ಪ್ರಾರ್ಥಿಸಲಿ; ಒಟ್ಟಾಗಿ ರೋಗಿಗಳನ್ನು ಸಂದರ್ಶಿಸಲಿ. ವಿಮಾನದ ಟಿಕೆಟು ದೊರೆಯದ ಬಡ ಧರ್ಮಕೇಂದ್ರದ ಯುವಕ ಯುವತಿಯರೂ ಕೈಗೊಳ್ಳಬಹುದಾದ ಪ್ರೇಷಿತ ಯಾತ್ರೆ ಇದು. ಹಿರಿಯರೂ ಗುರುಗಳೂ ಇದಕ್ಕೆ ಬೆಂಬಲವಾಗಿ ನಿಲ್ಲುವರೆಂದು ಆಶಿಸೋಣ.